ನಮ್ಮ ಗೇಟಿನ ಕ್ಯಾಮೆರಾ

ಠಾಣೆಗೆ ಹೋಗಿ ಬಂದ ಆ ವಾರ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬಿ.ಪಿ. ತೋರಿಸಿಕೊಂಡು ಬರ್ರಿ ಎಂದು ಹೆಂಡತಿ ಎರಡು ಸಲ ಅಂದಳು. ಕಾರಣ ಹೇಳಲು ನಾಚಿಕೆಯಾಗಿ ಸೆಕೆಯ ನೆಪ ಹೇಳಿದೆ.

ರಾಯಚೂರಿನ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ ಹಳ್ಳಿಯವರಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡುತ್ತಿದ್ದಳು. ಅರಕೇರಾ, ಗಬ್ಬೂರು, ಮಾನ್ವಿ ಕಡೆಯಿಂದ ಜನ ಬಸ್ಸಿಳಿದು ನೇರ ಅವಳ ಹತ್ತಿರ ಬರುತ್ತಿದ್ದರು. ಅವರು ಮೆಟ್ಟಿಲ ತುಂಬ ಚಪ್ಪಲಿ ಬಿಡುತ್ತಾರೆಂದು ನಾನು ಗೊಣಗುತ್ತಿದ್ದೆ. ಗೇಟಿಗೆ ಕ್ಯಾಮೆರಾ ಹಾಕಿಸಿದ್ದು ಮಾತ್ರ ಸ್ಕೂಟರಿನ ಪೆಟ್ರೋಲ್ ಕದಿಯುವವರಿಗಾಗಿ.

ಒಂದು ಮಧ್ಯಾಹ್ನ ಪೊಲೀಸ್ ಪೇದೆಯೊಬ್ಬ ಬಂದು ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ದೇವದುರ್ಗದಲ್ಲಿ ನಾನು ಮಾಸ್ತರನಾಗಿದ್ದಾಗ ನನ್ನ ಕೈಯಲ್ಲಿ ಕಲಿತವನು. ಖಾಕಿಯಲ್ಲಿ ಅವನನ್ನು ನೋಡಿ ಎದೆಯುಬ್ಬಿತು. ನಮ್ಮ ಕಡೆ ಮನೆಗೆ ಬಂದವರನ್ನು ಚಹಾ ಕುಡಿಸುವ ಮೊದಲು ಯಾಕೆ ಬಂದಿರಿ ಎಂದು ಕೇಳುವುದಿಲ್ಲ. ಶಿಷ್ಯನಾದರೆ ಚಹಾ ಆದಮೇಲೂ ಕೇಳುವುದಿಲ್ಲ. ಮಂಡಕ್ಕಿಯ ಸುಸಲಾ ತಿಂದು, ಚಹಾ ಕುಡಿದು, ಅವನೇ ಬಾಯಿಬಿಟ್ಟ.

"ಸರ್, ಮ್ಯಾಲಿನ ಮನಿಗೆ ಯಾರ್ಯಾರು ಬಂದು ಹೋಗಾಕತ್ತಾರ ಅಂತ ಕ್ಯಾಮೆರಾದಾಗ ನೋಡಬೇಕಾಗ್ಯದರಿ."

"ಅದಕ್ಯಾಕ ಇಷ್ಟು ಸಂಕೋಚ ತಮ್ಮಾ," ಎಂದು ನಾನೇ ಮೊಬೈಲ್ ತೆರೆದು ಎರಡು ವಾರದ ದೃಶ್ಯ ತೋರಿಸಿದೆ. ಅಷ್ಟಕ್ಕೇ ಬಿಟ್ಟೆನೇ? ಈಕೆ ಅರಕೇರಾದವಳು, ಊರಿನ ನೀರಿನ ಟ್ಯಾಂಕು ಯಾಕೆ ಮುಗಿದಿಲ್ಲವೆಂದು ಅರ್ಜಿ ಹಾಕಿದವಳು ಎಂದು ಬೆರಳಿಟ್ಟು ಹೇಳಿದೆ ಕೂಡ. ಅವನು ಪರದೆಯ ಮೇಲಿನ ಅವಳ ಚಿತ್ರದ ಫೋಟೋ ತೆಗೆದುಕೊಂಡ.

ನಾಲ್ಕನೇ ದಿನ ಪೊಲೀಸರು ಆ ಹೆಂಗಸಿನ ಮನೆಗೆ ಹೋಗಿ, ನಮ್ಮ ಗೇಟಿನ ಫೋಟೋ ತೋರಿಸಿ, ನಿನಗೆ ರಾಯಚೂರಿನಲ್ಲಿ ಏನು ಕೆಲಸ ಎಂದು ಓಣಿಯವರೆದುರೇ ವಿಚಾರಿಸಿದರಂತೆ. ಇನ್ನು ಹೊಸ್ತಿಲು ದಾಟಬೇಡ ಎಂದನಂತೆ ಗಂಡ. ಆಕೆ ಹೆದರಿ ಅರ್ಜಿ ವಾಪಸ್ ತೆಗೆದುಕೊಂಡಳು. ಇದನ್ನು ಹೇಳಲು ಬಾಡಿಗೆಯ ಹುಡುಗಿ ಕೆಳಗಿಳಿದು ಬಂದಳು.

"ಕಾಕಾ, ಕೇಸ್ ಇದ್ರ ನೋಟಿಸ್ ಕೊಟ್ಟು ಕೇಳಬೇಕ್ರಿ. ನಿಮ್ಮ ಹತ್ರ ಬಂದಾಗ ಅವರು ಏನರ ಕಾಗದ ತೋರಿಸಿದ್ರೇನು?"

"ಇಲ್ಲವ್ವಾ."

"ನೀವು ಕೇಳಿದ್ರೇನು?"

ನಾನು ಚಪ್ಪಲಿ ಮೆಟ್ಟಿ, ಆಟೋ ಹಿಡಿದು ಠಾಣೆಗೆ ಹೊರಟೆ. ದಾರಿಯುದ್ದಕ್ಕೂ ಆ ಶಿಷ್ಯನನ್ನು ಬೈಯಲು ಮಾತು ಜೋಡಿಸಿಕೊಂಡೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟೇ ಹೇಳಿದೆ, ಕಾನೂನಿನ ಆಧಾರವಿಲ್ಲದೆ ಸರ್ಕಾರ ಯಾರ ಬೆನ್ನಿಗೂ ಬೀಳುವಂತಿಲ್ಲ. ವರ್ಷಗಟ್ಟಲೆ ಪೌರನೀತಿ ಪಾಠ ಹೇಳಿದವನಿಗೆ ಮಾತಿಗೇನು ಬರ.

ಠಾಣೆಯ ಹೊರಗೆ, ಬೇವಿನ ಮರದ ಕೆಳಗೆ, ಅವನು ತಲೆತಗ್ಗಿಸಿ ಎಲ್ಲ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಅಂದ:

"ಪೊಲೀಸ್ರೂ ಕಾಗದ ಇಲ್ದ ಯಾರ ಮನಿ ವಿಷಯಾನೂ ಕೇಳಬಾರದು ಅಂತ ನೀವೇ ಕಲಿಸಿದ್ರಿ ಸರ್. ಸಾಹೇಬ್ರು ಬರೇ ಬಾಯಿಮಾತಿಲೆ ಕಳಿಸಿದ್ರು. ನೀವು ಕಾಗದ ಕೇಳ್ತೀರಿ, ಇಲ್ದಿದ್ರ ತೋರಸಂಗಿಲ್ಲ ಅಂತೀರಿ, ಅದನ್ನ ಸಾಹೇಬ್ರಿಗೆ ಹೇಳಿ ನಾ ಪಾರಾಗ್ತೀನಿ ಅನ್ಕೊಂಡೇ ಬಂದಿದ್ದೆರಿ."