ಚಿನ್ನದಂಚಿನ ಮುದ್ರೆ

ಹಗಲೆಲ್ಲ ಕತ್ತಲೆ ಕೋಣೆಯಲ್ಲಿ ಕೂತು ದುಡಿಯುವ ಆ ಹೆಂಗಸಿಗೆ ಜೊತೆಯವರು ಗೂಬಕ್ಕ ಎಂದು ಹೆಸರಿಟ್ಟಿದ್ದರು. ಅವಳೂ ಅದಕ್ಕೆ ಓಗೊಡುತ್ತಿದ್ದಳು. ಮನೆಯಲ್ಲೇ ಚಿತ್ರಮಂದಿರ ಮಾಡಿಕೊಳ್ಳುವವರು ಕೊಳ್ಳುವ ದುಬಾರಿ ಟಿವಿ, ಸ್ಪೀಕರುಗಳನ್ನು ಪರೀಕ್ಷಿಸಿ ಮುದ್ರೆ ಕೊಡುವ ಸಂಸ್ಥೆ ಅದು. ಗೋಡೆಗೆಲ್ಲ ಕಪ್ಪು ಬಟ್ಟೆ ಹೊದಿಸಿದ ಕೋಣೆಯಲ್ಲಿ ಗೂಬಕ್ಕ ಮಾಪಕ ಹಿಡಿದು ಪರದೆಯೆದುರು ಕೂರುತ್ತಿದ್ದಳು. ಕಪ್ಪು ನಿಜವಾಗಿ ಕಪ್ಪಾಗಿದೆಯೇ, ಮನುಷ್ಯರ ಮೈಬಣ್ಣ ಮನುಷ್ಯರದ್ದೇ ಆಗಿದೆಯೇ, ಗುಡುಗಿನ ನಡುವೆಯೂ ಪಿಸುಮಾತು ಕೇಳುತ್ತದೆಯೇ ಎಂದು ನೋಡಿ ಅವಳು ಸೈ ಎಂದರೆ ಮಾತ್ರ ಆ ಸರಕಿಗೆ ಚಿನ್ನದಂಚಿನ ಮುದ್ರೆ ಬೀಳುತ್ತಿತ್ತು.

ಸೇರಿದ ಹೊಸದರಲ್ಲಿ ಅವಳಿಗೆ ಈ ಕೆಲಸದ ಮೇಲೆ ಪ್ರಾಣ. ಕೆಲಸ ಕಲಿಸಿದ ಹಿರಿಯರು, "ಸಿನಿಮಾ ಮಾಡಿದೋನು ಏನು ತೋರಿಸ್ಬೇಕು ಅಂದ್ಕೊಂಡಿದ್ನೋ, ಮನೇಲಿ ಕೂತೋನಿಗೆ ಅದೇ ಕಾಣ್ಬೇಕಮ್ಮ. ನಡುವೆ ನಿಂತಿರೋ ಕಾವಲುಗಾರರು ನಾವು" ಎನ್ನುತ್ತಿದ್ದರು. ಸ್ಪೀಕರ್ ಒಂದಿಷ್ಟು ಗೊರಗುಟ್ಟಿದರೂ ಮುಲಾಜಿಲ್ಲದೆ ಹಿಂದಕ್ಕೆ ಕಳಿಸುತ್ತಿದ್ದರು. ಅವರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಮಾರಾಟ ವಿಭಾಗದಿಂದ ಒಬ್ಬ ಸಾಹೇಬ ಬಂದ. ಅವನು ಕತ್ತಲೆ ಕೋಣೆಗೆ ಬಂದುಹೋದರೆ ಅತ್ತರಿನ ಘಾಟು ಸಂಜೆವರೆಗೂ ಗೂಬಕ್ಕನ ಗಂಟಲು ಕೆರೆಯುತ್ತಿತ್ತು.

ಒಂದು ದಿನ ದೊಡ್ಡ ಕಂಪನಿಯೊಂದರ ಹೊಸ ಟಿವಿ ಬಂತು. ನಿಯಮದ ಪ್ರಕಾರ ಪರದೆಯ ನಡುವೆ ಬಿಳಿ ಚೌಕ ಮೂಡಿಸಿ ಅಳೆಯಬೇಕು. ಅಳೆದರೆ ಎಲ್ಲವೂ ಅಚ್ಚುಕಟ್ಟು. ಗೂಬಕ್ಕ ಖುಷಿಯಲ್ಲೇ ಊಟದ ಡಬ್ಬಿ ಬಿಚ್ಚಿ, ತಿನ್ನುತ್ತಾ ನೋಡೋಣವೆಂದು ಯಾವುದೋ ಸಿನಿಮಾ ಹಾಕಿದಳು. ನಾಯಕಿಯ ಮುಖ ಕಿತ್ತಳೆ ಸಿಪ್ಪೆಯಂತಿತ್ತು! ರಾತ್ರಿಯ ಆಕಾಶ ಒಲೆಯ ಬೂದಿಯಂತಿತ್ತು. ಮಾಪಕವೇ ಕೆಟ್ಟಿರಬೇಕೆಂದು ಮತ್ತೆ ಚೌಕ ಹಾಕಿದರೆ ಎಲ್ಲ ಸರಿ. ಅನುಮಾನ ಬಂದು ಚೌಕವನ್ನು ತುಸು ಪಕ್ಕಕ್ಕೆ ಸರಿಸಿ ಸೊಟ್ಟ ಮಾಡಿದಳು. ಬಣ್ಣ ಆ ಕ್ಷಣವೇ ಹಳಿ ತಪ್ಪಿತು. ಪರೀಕ್ಷೆಯ ಚೌಕ ಕಂಡಾಗ ಮಾತ್ರ ಸಭ್ಯವಾಗಿರು ಎಂದು ಯಾರೋ ಆ ಟಿವಿಗೆ ಮೊದಲೇ ಹೇಳಿಕೊಟ್ಟಿದ್ದರು. ಮೇಷ್ಟ್ರ ಚಪ್ಪಲಿ ಸದ್ದು ಕೇಳಿದಾಗ ಮಾತ್ರ ಪುಸ್ತಕ ಬಿಡಿಸುವ ಹುಡುಗನ ಕಥೆ.

ಅನ್ನ ಅರ್ಧಕ್ಕೇ ಬಿಟ್ಟು ಸಾಹೇಬನ ಹತ್ತಿರ ಓಡಿದಳು.

"ಚೌಕದಲ್ಲಿ ಪಾಸಾಯ್ತಾ?" ಎಂದ ಅವನು.

"ಆಯ್ತು ಸರ್, ಆದ್ರೆ ಸಿನಿಮಾ ಹಾಕಿದ್ರೆ..."

"ಸೊಟ್ಟ ಚೌಕ ಹಾಕಿ ನೋಡಿ ಅಂತ ನಿಯಮದಲ್ಲಿ ಎಲ್ಲಾದ್ರೂ ಇದ್ಯಾ? ಇಲ್ಲ ತಾನೆ? ಮತ್ಯಾಕಮ್ಮ ಇಲ್ಲದ ಉಸಾಬರಿ?"

"ಸರ್, ಇದು ಮೋಸ."

"ಮೋಸ ಅಲ್ಲ, ಜಾಣತನ" ಎಂದು ಅವನು ಹಲ್ಲುಕಿರಿದ. ಗೂಬಕ್ಕ ಮುದ್ರೆಯ ಕಾಗದವನ್ನು ಅವನತ್ತಲೇ ತಳ್ಳಿದಳು. ಅವಳು ಸಹಿ ಹಾಕಲಿಲ್ಲ. ಅವನೇ ಹಾಕಿದ. ಮುದ್ರೆ ಬಿತ್ತು.

ನಿಯಮ ಮಾಡುವ ಸಮಿತಿಗಾದರೂ ಹೇಳೋಣವೆಂದು ಹೋದರೆ, ಅಲ್ಲಿ ಕೂತಿದ್ದವರಲ್ಲಿ ಮುಕ್ಕಾಲು ಪಾಲು ಟಿವಿ ಮಾಡುವ ಕಂಪನಿಗಳವರೇ. ಬೆಕ್ಕಿಗೆ ಗಂಟೆ ಕಟ್ಟುವ ಸಭೆಗೆ ಬೆಕ್ಕೇ ಅಧ್ಯಕ್ಷ. ಅವಳ ಮಾತನ್ನು ಎಲ್ಲರೂ ತಲೆದೂಗಿ ಕೇಳಿದರು, ಕಾಫಿ ಕೊಟ್ಟರು, ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಅಷ್ಟೇ.

ಇದಾದ ಸ್ವಲ್ಪ ದಿನಕ್ಕೆ ಅವಳ ಅಕ್ಕ ಮನೆಗೆ ಕರೆದಳು. ಟೈಲ್ಸ್ ಅಂಗಡಿ ಇಟ್ಟಿದ್ದ ಭಾವ ಮಹಡಿಯ ಕೋಣೆಯ ಕಿಟಕಿಗಳನ್ನು ಮುಚ್ಚಿಸಿ, ಕಾಲು ಚಾಚುವ ಕುರ್ಚಿ ಹಾಕಿಸಿ, ನಂಟರನ್ನೆಲ್ಲ ಸಿನಿಮಾ ನೋಡಲು ಕೂಡಿಹಾಕಿದ್ದ. ಗೋಡೆಯ ಮೇಲೆ ಅದೇ ಟಿವಿ! ಮೂಲೆಯಲ್ಲಿ ಮುದ್ರೆ ಮಿಣಮಿಣ ಎನ್ನುತ್ತಿತ್ತು.

"ಇದಕ್ಕೆ ಮುದ್ರೆ ಕೊಟ್ಟಿದ್ದು ಯಾರು ಗೊತ್ತಾ? ನಮ್ಮ ನಾದಿನಿ! ಅದನ್ನ ನೋಡೇ ತಗೊಂಡೆ" ಎಂದು ಭಾವ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿದ. ನಂಟರು ಚಪ್ಪಾಳೆ ತಟ್ಟಿದರು. ಸಿನಿಮಾ ಶುರುವಾಯಿತು. ನೆಲಮಾಳಿಗೆಯ ಕತ್ತಲಲ್ಲಿ ಹೊಡೆದಾಟ. ಪರದೆಯ ಮೇಲೆ ಬೂದಿ ಕಲಸಿದ ನೀರು. "ಅಬ್ಬಬ್ಬಾ, ಏನ್ ಕ್ಲಿಯರ್!" ಎಂದು ಭಾವನ ಅಣ್ಣ ಕಣ್ಣುಜ್ಜಿಕೊಂಡ.

ಗೂಬಕ್ಕನಿಗೆ ತಡೆಯಲಾಗಲಿಲ್ಲ. "ಭಾವ, ಇದಕ್ಕೆ ನಾನು ಮುದ್ರೆ ಕೊಡ್ಲಿಲ್ಲ. ಬೇಡ ಅಂದೋಳು ನಾನು" ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟಳು.

ಭಾವನ ಮುಖ ಸಣ್ಣಗಾಯಿತು. "ಇಷ್ಟು ಜನರ ಮುಂದೆ ಹೇಳ್ಬೇಕಿತ್ತಾ?"

"ಇಷ್ಟು ಜನರ ಮುಂದೆ ನನ್ನನ್ನ ನಿಲ್ಸಿದ್ದು ನೀವೇ. ವಾಪಸ್ ಕೊಡಿ ಭಾವ. ಅಂಗಡಿಯವ್ನ ಹತ್ರ ನಾನೇ ಬಂದು ಮಾತಾಡ್ತೀನಿ."

ಭಾವ ಒಮ್ಮೆ ಪರದೆಯನ್ನು ನೋಡಿದ, ಒಮ್ಮೆ ನಂಟರನ್ನು ನೋಡಿದ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿ, "ಇರ್ಲಿ ಬಿಡು. ಬಂದೋರಿಗೆ ಮುದ್ರೆ ಕಾಣುತ್ತೆ. ನೀನು ಹೇಳೋ ಅಸಲಿ ಕಪ್ಪು ಯಾರಿಗೆ ಕಾಣ್ಬೇಕು?" ಎಂದ.

ಸಾಹೇಬನ ಮೇಲೆ ಹುಟ್ಟಿದ ಹೇಸಿಗೆ ಇದರ ಮುಂದೆ ಏನೂ ಅಲ್ಲ. ಅವನು ಮಾರುವವನು, ಅವನ ಹಣೆಬರಹವೇ ಅದು. ಮೋಸ ಹೋದವನಿಗೂ ಅದೇ ಸೊಗಸೆನಿಸಿದರೆ ತಾನು ಇಷ್ಟು ವರ್ಷ ಕಣ್ಣು ಕೀಲಿಸಿಕೊಂಡು ಕಾದದ್ದು ಯಾರಿಗಾಗಿ? ಊಟಕ್ಕೂ ನಿಲ್ಲದೆ ಮೆಟ್ಟಿಲಿಳಿದಳು. ಅಕ್ಕ ಗೇಟಿನವರೆಗೆ ಬಂದು, "ನಂಗೂ ಕಣ್ಣು ಉರೀತಿತ್ತು ಕಣೇ, ಹೇಳ್ಲಿಲ್ಲ ಅಷ್ಟೇ" ಎಂದಳು.

ಗೂಬಕ್ಕ ಆ ವಾರವೇ ಕೆಲಸ ಬಿಟ್ಟಳು. ಈಗ ಕಿವಿ ಪರೀಕ್ಷಿಸುವ ಆಸ್ಪತ್ರೆಯೊಂದರಲ್ಲಿ ಯಂತ್ರಗಳ ಸದ್ದು ಸರಿಯಿದೆಯೇ ಎಂದು ನೋಡಿಕೊಳ್ಳುತ್ತಾಳೆ. ಸಂಬಳ ಕಡಿಮೆ. ಆದರೆ ಅಲ್ಲಿಗೆ ಬರುವ ಮುದುಕರು ಕೇಳಿಸದಿದ್ದರೆ ಕೇಳಿಸಲಿಲ್ಲ ಎಂದೇ ಹೇಳುತ್ತಾರೆ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಚಿನ್ನದಂಚಿನದು ಎಲ್ಲರ ಮನೆಗೂ ಬಂತೆಂದು ಸಂಸ್ಥೆ ಈಗ ವಜ್ರದ ಮುದ್ರೆ ತಂದಿದೆಯಂತೆ. ಭಾವ ಟಿವಿ ಬದಲಿಸಲು ಹೊರಟಿದ್ದಾನಂತೆ.

"ನಿನ್ನನ್ನ ಒಂದ್ಮಾತು ಕೇಳು ಅಂದ್ರು. ಏನಂತ ಹೇಳ್ಲಿ?"

"ಥೂ!" ಎಂದಳು ಗೂಬಕ್ಕ. "ಇದನ್ನೇ ಹೇಳು."