ಜೂನ್ ಒಂದರಂದು ಹುಟ್ಟಿದವರ ಬನ್ನಿ

ಕುಬೇರಪ್ಪನವರು ಅಕ್ಕಿಆಲೂರು ಬಸ್ ನಿಲ್ದಾಣದ ಕಂಟ್ರೋಲರು ಎಂದು ಇದನ್ನು ಬರೆಯುತ್ತಿರುವವನು ಪೂರ್ತಿ ಎರಡು ವರ್ಷ ನಂಬಿದ್ದ. ತಪ್ಪು ಅವನದೊಂದೇ ಅಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಕಂಕುಳಲ್ಲಿ ಡೈರಿ. ಹಾನಗಲ್ಲಿನಿಂದ ಬಸ್ಸು ಬಂದರೆ ಕೈಗಡಿಯಾರ ನೋಡಿ ಬರೆದುಕೊಳ್ಳುವರು, ಬಾರದಿದ್ದರೆ ರಸ್ತೆಯ ನಟ್ಟನಡುವೆ ನಿಂತು ಹಣೆಗೆ ಕೈ ಅಡ್ಡ ಹಿಡಿದು ನೋಡುವರು. ಬಸ್ಸು ಒಂದು ತಾಸು ತಡವಾದ ದಿನ ಅವನು ಸಿಟ್ಟಿಗೆದ್ದು ಅವರ ಕೈಗೆ ಲಿಖಿತ ದೂರು ಕೊಟ್ಟ. ಕುಬೇರಪ್ಪನವರು ಅದನ್ನು ಎರಡು ಸಲ ಓದಿದರು, ಒಂದು ಕಡೆ ಒತ್ತಕ್ಷರ ತಿದ್ದಿದರು, ಕಚೇರಿಗೆ ಬಂದ ಕಾಗದಕ್ಕೆ ಹಾಕುವಂತೆ ಆವಕ ನಂಬರು ಹಾಕಿ ರುಜು ಮಾಡಿದರು. "ಮುಂದಿನ ಕ್ರಮಕ್ಕ ಕಳಸ್ತೇನಿ, ಹೋಗ್ರಿ," ಅಂದರು. ಅವರಿಗೂ ಸಾರಿಗೆ ಸಂಸ್ಥೆಗೂ ಯಾವ ಸಂಬಂಧವೂ ಇಲ್ಲವೆಂದು ತಿಳಿದದ್ದು ಬಹಳ ಆಮೇಲೆ. ಅವರು ನಿವೃತ್ತ ಗುಮಾಸ್ತರು. ಮನೆಯಲ್ಲಿ ಕುಳಿತುಕೊಳ್ಳಲಾಗದೆ ಅಲ್ಲಿ ನಿಲ್ಲುತ್ತಿದ್ದರು, ಅಷ್ಟೆ.

ಕುಳಿತುಕೊಳ್ಳುವ ಯೋಗ ಅವರ ಜಾತಕದಲ್ಲೇ ಇಲ್ಲ ಅನ್ನೋಣವೆಂದರೆ ಅವರಿಗೆ ಜಾತಕವೇ ಇರಲಿಲ್ಲ. ಹಿರೇಕೆರೂರು, ಸವಣೂರು, ಶಿಗ್ಗಾಂವ ಎಂದು ತಿರುಗುತ್ತ ಮೂವತ್ತೆರಡು ವರ್ಷ ಅವರು ಬರೆದದ್ದು ಜನನ-ಮರಣದ ದಾಖಲೆ. ಕಾಗದವೆಂದರೆ ಅವರಿಗೆ ದೇವರಿಗಿಂತ ಒಂದು ಮೆಟ್ಟಿಲು ಮೇಲೆ. ಅಬಲೂರಿನ ಗುಡಿಯಲ್ಲಿ ಹಳೆಯ ಶಾಸನದ ಮುಂದೆ ನಿಂತು, "ಎಲ್ಲಾ ಬರೋಬ್ಬರಿ ಐತಿ, ಜಾವಕ ನಂಬರ ಎಲ್ಲೈತಿ?" ಎಂದು, ಕಚೇರಿಯಿಂದ ಹೊರಟ ಕಾಗದದ ನಂಬರು ಕೇಳುವಂತೆ, ಅರ್ಚಕರನ್ನು ಕೇಳಿದವರು ಅವರು. ಮೂರು ತಾಲ್ಲೂಕಿನ ಮಂದಿಗೆ ಹುಟ್ಟಿದ ದಿನಾಂಕ ಬರೆದುಕೊಟ್ಟ ಈ ಮನುಷ್ಯನಿಗೆ ತಾನು ಹುಟ್ಟಿದ ದಿನ ಮಾತ್ರ ಗೊತ್ತಿರಲಿಲ್ಲ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಎಲ್ಲ ಹುಡುಗರಿಗೂ ಬರೆದಂತೆ ಅವರಿಗೂ ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಂಡಿದ್ದರು. ಆ ಪುಸ್ತಕ ನಂಬುವುದಾದರೆ ಆ ವರ್ಷ ಊರಿನ ಗಂಡುಮಕ್ಕಳೆಲ್ಲ ಮಾತಾಡಿಕೊಂಡು ಒಂದೇ ದಿನ ಹುಟ್ಟಿದ್ದರು.

ಅಂಥವರು ತಾವಾಗಿ ಕುರ್ಚಿಯಲ್ಲಿ ಕುಳಿತುಕೊಳ್ಳುವ ದಿನ ವರ್ಷಕ್ಕೊಂದೇ. ದಸರೆಯ ಹತ್ತನೆಯ ದಿನ, ಬನ್ನಿ ಕೊಡುವ ಸಂಜೆ. ಊರ ಸೀಮೆಯ ಬನ್ನಿಗಿಡಕ್ಕೆ ಪೂಜೆ ಮಾಡಿ ಎಲೆ ಹರಿದು ತಂದವರು ಅದನ್ನು ಬಂಗಾರವೆನ್ನುತ್ತಾರೆ. "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎಂದು ಒಬ್ಬರ ಕೈಗೊಬ್ಬರು ಕೊಡುತ್ತಾರೆ. ಸಣ್ಣವರು ದೊಡ್ಡವರ ಮನೆಗೆ ಹೋಗಿ ಕೊಟ್ಟು ಕಾಲು ಮುಟ್ಟುವುದು ಪದ್ಧತಿ. ವರ್ಷದ ಜಗಳ ಏನಿದ್ದರೂ ಆ ನಾಲ್ಕು ಎಲೆಯಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಅದು ಮುಂದಿನ ದಸರೆಯವರೆಗೂ ಮನೆಯಲ್ಲೇ ಬೆಳೆಯುತ್ತದೆ. ಕುಬೇರಪ್ಪನವರು ಪಡಸಾಲೆಯಲ್ಲಿ ಶಾಲು ಹೊದ್ದು, ಬಲಗೈ ಪಕ್ಕ ಹಿತ್ತಾಳೆ ತಾಟು ಇಟ್ಟುಕೊಂಡು, ಅರ್ಜಿ ಸ್ವೀಕರಿಸುವಂತೆ ಬನ್ನಿ ಸ್ವೀಕರಿಸುತ್ತಿದ್ದರು.

ನಲವತ್ಮೂರು ವರ್ಷದಿಂದ ಆ ತಾಟಿಗೆ ಮೊದಲ ಬನ್ನಿ ಬೀಳುತ್ತಿದ್ದುದು ದಸ್ತಗೀರಸಾಬನ ಕೈಯಿಂದ. ಅಕ್ಕಿ ಗಿರಣಿಯ ಫಿಟ್ಟರು, ಒಂದೇ ಓಣಿಯಲ್ಲಿ ಹುಟ್ಟಿದವನು, ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕುಳಿತವನು. ಸಂಜೆ ಐದಕ್ಕೆ ಬರುವನು, ಬನ್ನಿ ಕೊಡುವನು, ಎರಡು ಹೋಳಿಗೆ ತಿಂದು ತುಪ್ಪ ಕಡಿಮೆಯಾಯಿತೆಂದು ತಕರಾರು ತೆಗೆದು ಹೋಗುವನು. ರಮಜಾನಿಗೆ ಕುಬೇರಪ್ಪನವರು ಅವನ ಮನೆಗೆ ಹೋಗಿ ಹಾಲು-ಶಾವಿಗೆಯ ಸುರಕುಂಬಾ ಕುಡಿದು ಸಕ್ಕರೆ ಕಡಿಮೆಯಾಯಿತೆಂದು ಸೇಡು ತೀರಿಸಿಕೊಳ್ಳುವರು.

ಈ ವರ್ಷ ಎಲ್ಲ ಕೆಟ್ಟದ್ದು ಫಕ್ಕೀರಪ್ಪನ ಚಹಾದಂಗಡಿಯಲ್ಲಿ, ದಸರೆಗೆ ಇನ್ನೂ ಒಂದೂವರೆ ತಿಂಗಳಿರುವಾಗ. ಫಕ್ಕೀರಪ್ಪ ಚಹಾ ಸೋಸುತ್ತ ಸುಮ್ಮನೆ ಕೇಳಿದ: "ಅಲ್ರಿ, ಪ್ರತಿ ವರ್ಷ ದಸ್ತಗೀರಸಾಬರೇ ನಿಮ್ಮ ಮನೀಗೆ ಬರ್ತಾರ. ನೀವ್ಯಾಕ ಬನ್ನಿ ತಗೊಂಡು ಅವರ ಮನೀಗೆ ಹೋಗೂದಿಲ್ಲ?"

ಕುಬೇರಪ್ಪನವರು ಗಂಟಲು ಸರಿಮಾಡಿಕೊಂಡರು. "ಸಣ್ಣಾಂವ ದೊಡ್ಡಾಂವಗ ಕೊಡೂದು ಪದ್ಧತಿ."

ಮೂಲೆಯಲ್ಲಿ ಬಶಿಯಲ್ಲಿ ಚಹಾ ಆರಿಸುತ್ತಿದ್ದ ದಸ್ತಗೀರಸಾಬ ತಲೆ ಎತ್ತಿದ. "ಸಣ್ಣಾಂವ ಯಾರಲೇ? ನಿಮ್ಮವ್ವ ನಿನ್ನ ಹಡಿಯೂಮುಂದ ನಾ ಅಂಬಗಾಲು ಇಡಾಕತ್ತಿದ್ದೆ."

"ಕಾಗದ ಐತೇನು?"

"ನಿಂದ ಐತೇನು?"

ಮರುದಿನ ಬೆಳಿಗ್ಗೆ ಇಬ್ಬರೂ ಶಾಲೆಯ ದಾಖಲೆ ಹಿಡಿದುಕೊಂಡು ಬಂದರು. ಎರಡರಲ್ಲೂ ಜೂನ್ ಒಂದು, ಒಂದೇ ಇಸವಿ. ಕುಬೇರಪ್ಪನವರು ಸೋಲುವವರಲ್ಲ. "ಕ್ರಮಸಂಖ್ಯಾ ನೋಡು. ನಂದು ಹನ್ನೆರಡು, ನಿಂದು ಹದಿನೇಳು," ಅಂದರು. ದಸ್ತಗೀರಸಾಬ ನಕ್ಕ. "ಅದು ಶಾಲಿಗೆ ಬಂದ ನಂಬರ. ಭೂಮಿಗೆ ಬಂದದ್ದಲ್ಲ." ಅಂಗಡಿಯಲ್ಲಿದ್ದವರೆಲ್ಲ ಹೋ ಎಂದರು. ಕಾಗದದ ಮುಂದೆ ಯಾರೂ ನಗದ ಲೋಕದಲ್ಲಿ ಮೂವತ್ತೆರಡು ವರ್ಷ ಕಳೆದ ಮನುಷ್ಯನಿಗೆ ಆ ನಗೆ ಕಿವಿಯಲ್ಲೇ ಉಳಿಯಿತು. "ಹಂಗಾರ ಇನ್ನ ಬರಬ್ಯಾಡ ನಮ್ಮ ಮನೀಗೆ," ಅಂದುಬಿಟ್ಟರು. "ಬರೂದಿಲ್ಲ. ಈ ಸಲ ನೀ ಬಾ," ಅಂದ ದಸ್ತಗೀರಸಾಬ. ಅಂದಿನಿಂದ ಮಾತಿಲ್ಲ.

ಇಷ್ಟೇ ಆಗಿದ್ದರೆ ಮುಂದಿನ ವರ್ಷ ನೋಡಿದರಾಗುತ್ತಿತ್ತು. ಆದರೆ ದಸ್ತಗೀರಸಾಬ ಉಮ್ರಾಕ್ಕೆ ಹೊರಟಿದ್ದ. ಬನ್ನಿಯ ಮರುದಿನ ಬೆಳಗಿನ ಆರಕ್ಕೆ ಜೀಪು. ಮೆಕ್ಕೆಗೆ ಹೋಗುವವರು ಹೊರಡುವ ಮುಂಚೆ ಮನೆಮನೆಗೆ ಹೋಗಿ "ಏನರ ತಪ್ಪಾಗಿದ್ರ ಮಾಫ್ ಮಾಡ್ರಿ" ಎಂದು ಕೇಳಿಕೊಂಡು ಹೋಗುವುದು ಅವರ ಪದ್ಧತಿ. ಹೃದಯಕ್ಕೆ ಒಂದು ಸಲ ಬಲೂನು ಹಾಕಿಸಿಕೊಂಡಿದ್ದ, ಅರವತ್ತೆಂಟು ದಾಟಿದ್ದ ಮನುಷ್ಯ. ಬನ್ನಿಗೂ ಬಾರದೆ, ಮಾಫಿಗೂ ಬಾರದೆ, ಹಂಗೇ ಹೋಗಿಬಿಟ್ಟರೆ? ಕುಬೇರಪ್ಪನವರಿಗೆ ಎಂಟು ದಿನದಿಂದ ಊಟ ರುಚಿಸಿರಲಿಲ್ಲ. ಯಾರಾದರೂ ಕೇಳಿದರೆ ಪಿತ್ತ ಅನ್ನುತ್ತಿದ್ದರು.

ಬನ್ನಿಯ ದಿನ ಮಧ್ಯಾಹ್ನ ಮೂರಕ್ಕೇ ಶಾಲು ಹೊದ್ದು ಕುಳಿತರು. ಮೂರೂ ಐದಕ್ಕೆ ಎದ್ದರು. ತಾಟಿನ ದಿಕ್ಕು ಬದಲಿಸಿದರು. ಗೇಟಿನ ತನಕ ಹೋಗಿ ಬಂದರು. ಗೇಟಿನ ಚಿಲಕ ಸಡಿಲಾಗಿದೆಯೆಂದು ಮತ್ತೆ ಹೋಗಿ ನೋಡಿ ಬಂದರು.

ಹೆಂಡತಿ ಹಾಲವ್ವ ಒಳಗೆ ಹೋಳಿಗೆ ತಟ್ಟುತ್ತಿದ್ದಳು. "ಅವರು ಎಲ್ಲಾರ ಮನೀಗೂ ಹೋಗಿ ಬಂದ್ರಂತರಿ. ಹಜಾಮರ ಅಂಗಡಿ, ಹಾಲಿನವ್ರ ಮನಿ. ಗಿರಣ್ಯಾಗ ಹೋಗಿ ಮಶೀನಿಗೂ ಮಾಫಿ ಕೇಳ್ಯಾರಂತ."

"ಮಶೀನಿಗೆ ಕೇಳಾಕ ಬರ್ತದ, ನನಗ ಕೇಳಾಕ ಬರೂದಿಲ್ಲ?"

"ಮಶೀನು ನಿಮ್ಮಂಗ ಬರಬ್ಯಾಡ ಅಂದಿದ್ದಿಲ್ಲ."

ಐದಾಯಿತು. ಬಂದವರು ಓಣಿಯ ಹುಡುಗಿಯರು. ಪ್ರತಿ ವರ್ಷದಂತೆ ಕುಬೇರಪ್ಪನವರು ಅವರನ್ನು ನಿಲ್ಲಿಸಿ, ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಬನ್ನಿಗಿಡದ ಮೇಲೆ ಇಟ್ಟು ಹೋದ ಕತೆ ಶುರು ಮಾಡಿದರು. ಆದರೆ ಕಣ್ಣು ಗೇಟಿನ ಮೇಲಿತ್ತು. ಭೀಮನ ಗದೆಯನ್ನು ಅರ್ಜುನನ ಕೈಗೆ ಕೊಟ್ಟು, ಇಬ್ಬರನ್ನೂ ಗಿಡದ ಮೇಲೆಯೇ ಬಿಟ್ಟು, "ಹೋಗ್ರಿ ಹೋಗ್ರಿ" ಅಂದರು. ಹುಡುಗಿಯರು ನಗುತ್ತ ಓಡಿದರು.

ಬಾಗಿಲಿಗೆ ಬಂದ ಹಾಲವ್ವ ಸೆರಗಿಗೆ ಕೈ ಒರೆಸಿಕೊಂಡಳು. "ಆಯುಧ ಇಟ್ಟು ಅವರು ಒಂದು ವರ್ಷ ಸುಮ್ಮನ ಇದ್ರು. ನಿಮಗ ಒಂದು ದಿನ ಇಡಾಕ ಆಗವಲ್ದು."

"ನಿನಗ ತಿಳಿಯೂದಿಲ್ಲ. ಇದು ತತ್ವದ ಪ್ರಶ್ನೆ."

"ಹೌದ್ರಿ. ತತ್ವ ನಾಳೆ ಆರಕ್ಕ ಜೀಪು ಹತ್ತತೈತಿ."

ಐದೂವರೆಗೆ ಬೀದಿದೀಪ ಹತ್ತಿದೆಯೋ ಇಲ್ಲವೋ ನೋಡಿ ಬರುವೆನೆಂದು ಹೊರಬಿದ್ದರು. ಇನ್ನೂ ಬಿಸಿಲಿತ್ತು. ದಸ್ತಗೀರಸಾಬನ ಓಣಿಯ ತಿರುವಿನ ತನಕ ಹೋಗಿ, ಯಾರೋ ಕರೆದವರಂತೆ ಹಿಂದೆ ನೋಡಿ, ತಿರುಗಿ ಬಂದರು. ಮತ್ತೆ ಹೋದರು. ದಾರಿಯಲ್ಲಿ ಸಿಕ್ಕವರೆಲ್ಲ ಬನ್ನಿ ಕೊಟ್ಟರು, ಕಾಲು ಮುಟ್ಟಿದರು, ಬಂಗಾರದಂಗ ಇರ್ರಿ ಅಂದರು. ಇಷ್ಟು ಬಂಗಾರ ಬಂದರೂ ಮನುಷ್ಯ ಇಷ್ಟು ಬಡವನಂತೆ ನಡೆದದ್ದನ್ನು ಅಕ್ಕಿಆಲೂರು ಹಿಂದೆ ಕಂಡಿರಲಿಲ್ಲ. ಎರಡೂ ಕಿಸೆ ತುಂಬಿ, ಪೆನ್ನುಗಳ ನಡುವೆ ಎಲೆಗಳು ಹೊರಗೆ ಇಣುಕುತ್ತಿದ್ದವು. ಮೂರನೆಯ ಸಲ ತಿರುವಿಗೆ ಹೋದಾಗ ಮಸೀದಿಯಲ್ಲಿ ಸಂಜೆಯ ಬಾಂಗ್ ಆಯಿತು. ಹೊತ್ತು ಮುಳುಗಿತು. ಕುಬೇರಪ್ಪನವರ ಕಾಲು ಅವರನ್ನು ಕೇಳದೆ ಮುಂದಕ್ಕೆ ಹೋಯಿತು.

ದಸ್ತಗೀರಸಾಬನ ಮನೆಯ ಮುಂದೆ ಎರಡು ಸೂಟ್‌ಕೇಸಿಗೆ ಹಗ್ಗ ಬಿಗಿದು ಇಟ್ಟಿದ್ದರು. ಸೊಸೆ ಸುಮಯ್ಯ ನೋಡಿದವಳೇ ಒಳಗೆ ಕೂಗಿದಳು. "ಮಾಮಾ, ಬಂದ್ರು!" ಆಮೇಲೆ ಇವರಿಗೆ ದನಿ ತಗ್ಗಿಸಿ, "ಬರ್ರಿ ಕಾಕಾ. ಮಧ್ಯಾಹ್ನದಿಂದ ಕುಂತಲ್ಲಿ ಕುಂತಿಲ್ರಿ ಅವ್ರು. ನಮಾಜಿಗೂ ಮಸೀದಿಗೆ ಹೋಗಲಿಲ್ಲ, ಮನ್ಯಾಗ ಮಾಡ್ತೇನಿ ಅಂದ್ರು. ಈಗ ಮುಗಿಸಿ ಎದ್ರು."

ದಸ್ತಗೀರಸಾಬ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಹೊರಗೆ ಬಂದ. ಇಬ್ಬರೂ ಒಬ್ಬರ ಹಿಂದಿನ ಗೋಡೆಯನ್ನು ಒಬ್ಬರು ನೋಡಿದರು.

"ಬೀದಿದೀಪ ನೋಡಾಕ ಬಂದಿದ್ದೆ," ಅಂದರು ಕುಬೇರಪ್ಪನವರು.

"ನಮ್ಮ ಮನ್ಯಾಗ ಹತ್ತೇತಿ, ಕುಂದ್ರು."

"ಕುಂದ್ರಾಕ ಬಂದಿಲ್ಲ."

"ನೀ ಯಾವಾಗ ಕುಂತೀ?" ದಸ್ತಗೀರಸಾಬ ಒಂದು ಹೆಜ್ಜೆ ಮುಂದೆ ಬಂದ. ದನಿ ಇಳಿಯಿತು. "ಕುಬೇರ, ಮಾಫ್ ಮಾಡು."

"ಯಾವ ವಿಷಯಕ್ಕ? ವಿಷಯ ಸ್ಪಷ್ಟ ಇರಬೇಕು."

"ಸ್ಪಷ್ಟನ ಹೇಳ್ತೇನಿ. ಸುಳ್ಳು ಹೊತಗೊಂಡು ಅಲ್ಲಿಗೆ ಹೋಗಬಾರದು. ನಮ್ಮವ್ವ ಇಮಾಮಬಿ ಯಾವಾಗ್ಲೂ ಹೇಳ್ತಿದ್ಲು, ನೀ ಹುಟ್ಟಿದಾಗ ಮನ್ಯಾಗ ತೊಟ್ಟಿಲ ಇದ್ದಿಲ್ಲ, ಕುಬೇರನ್ನ ಎಬ್ಬಿಸಿ ಅವನ ತೊಟ್ಟಿಲ ಇಸಗೊಂಡು ಬಂದು ನಿನ್ನ ಹಾಕಿದೆ ಅಂತ. ನೀನ ದೊಡ್ಡಾಂವ. ಫಕ್ಕೀರಪ್ಪನ ಅಂಗಡ್ಯಾಗ ನಾ ಸುಳ್ಳು ಹೇಳಿದೆ."

ಕುಬೇರಪ್ಪನವರ ಕೈ ಕಿಸೆಗೆ ಹೋಯಿತು. ಎಲೆಗಳ ನಡುವಿನಿಂದ ಪೆನ್ನು ಅರ್ಧ ಹೊರಗೆ ಬಂತು. 'ಇದನ್ನ ಬರಕೊಡು' ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ಸಾಕ್ಷಿಗೆ ಸುಮಯ್ಯ ನಿಂತೇ ಇದ್ದಳು. ಒಂದೂವರೆ ತಿಂಗಳು ಹಸಿದು ಕಾದಿದ್ದ ಗೆಲುವು ಅದು. ಅವರು ಒಮ್ಮೆ ಸೂಟ್‌ಕೇಸುಗಳನ್ನು ನೋಡಿದರು, ಹಗ್ಗದ ಗಂಟು ನೋಡಿದರು. ಪೆನ್ನನ್ನು ಒಳಗೆ ದೂಡಿದರು.

"ನಮ್ಮವ್ವ ಬ್ಯಾರೆ ಹೇಳ್ತಿದ್ಲು," ಅಂದರು, ಬೈಯುವವರಂತೆ.

"ಏನಂತ?"

"ಇದನ್ನ ತಿರುವಿ. ತೊಟ್ಟಿಲ ನಿಂದಂತ. ನಿನ್ನ ಎಬ್ಬಿಸಿ ಇಸಗೊಂಡು ಬಂದು ನನ್ನ ಹಾಕಿದ್ಲಂತ. ನೀ ದೊಡ್ಡಾಂವ ಅಂತ ನನಗ ಮದ್ಲಿಂದ ಗೊತ್ತಿತ್ತು. ನಾನೂ ಸುಳ್ಳ ಹೇಳಿದ್ದು."

ದಸ್ತಗೀರಸಾಬ ಬಾಯಿ ತೆರೆದು ನಿಂತ. "ಮತ್ತ ಆ ತೊಟ್ಟಿಲ ಯಾರ್ದಲೇ?"

"ಯಾರಿಗೆ ಗೊತ್ತು? ಇಬ್ಬರು ಮುದುಕ್ಯಾರೂ ತಮ್ಮದು ಅನ್ನಲಿಲ್ಲ."

ಸುಮಯ್ಯ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಕುಬೇರಪ್ಪನವರು ಕಿಸೆಯಿಂದ ಒಂದು ಹಿಡಿ ಬನ್ನಿ ತೆಗೆದರು. ದಸ್ತಗೀರಸಾಬ ಕಿಟಕಿಯ ಮೇಲಿಂದ ಒಂದು ಹಿಡಿ ತೆಗೆದ. ಗಿರಣಿಯ ಹಿಂದಿನ ಗಿಡದ್ದು, ಮುಂಜಾನೆಯೇ ಹರಿದು ತಂದು ನೀರು ಚಿಮುಕಿಸಿ ಇಟ್ಟಿದ್ದು. ನಾಲ್ಕು ಕೈಗಳಲ್ಲಿ ಯಾವ ಎಲೆ ಯಾರದೆಂದು ತಿಳಿಯದಾಯಿತು. ಅಪ್ಪಿಕೊಂಡರು. ಅಪ್ಪಿಕೊಂಡಲ್ಲೇ ಕುಬೇರಪ್ಪನವರು, "ಗುಳಿಗಿ ಸೂಟ್‌ಕೇಸಿನ್ಯಾಗ ಇಡಬ್ಯಾಡ, ಕೈಚೀಲದಾಗ ಇಟಗೋ. ಪಾಸ್‌ಪೋರ್ಟಿನ ಝೆರಾಕ್ಸ್ ಎರಡು ಮಾಡಿಸೀಯಿಲ್ಲೋ?" ಎಂದು ಶುರು ಮಾಡಿದರು. ಅರ್ಧ ತಾಸು ಕಾಗದ ತಪಾಸಣೆ ನಡೆಯಿತು. ಅಷ್ಟು ಹೊತ್ತೂ ಅವರು ನಿಂತೇ ಇದ್ದರು.

ಹೊರಟು ಬರುವಾಗ ಫಕ್ಕೀರಪ್ಪ ತನ್ನ ಅಂಗಡಿಯ ಮುಂದೆ ಕಾದಿದ್ದ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು, ಪೂರ್ತಿ ಮುಟ್ಟಿರಲಿಲ್ಲ. ನಾಳೆ ಗಿರಾಕಿಗಳಿಗೆ ಹೇಳಬೇಕಲ್ಲ, ದಾರಿಗೆ ಅಡ್ಡ ಬಂದು ನಿಂತ.

"ರಾಯರ, ಒಂದ ಹೇಳಿ ಹೋಗ್ರಿ. ಕಡೀಕ ಯಾರು ಯಾರ ಕಾಲಿಗೆ ಬಿದ್ರಿ?"

ಕುಬೇರಪ್ಪನವರು ನಡೆಯುವುದನ್ನು ನಿಲ್ಲಿಸಲಿಲ್ಲ.

"ಇಬ್ಬರಿಗೂ ಮಣಕಾಲು ಬಗ್ಗೂದಿಲ್ಲಲೇ, ಬೀಳೂದೆಲ್ಲಿ ಬಂತು? ಸರಿ ಆಕಡೆ."