ಲತಾಮಣಿ ಕೊಟ್ಟ ಹೆಪ್ಪು

ಹೊಸಕೆರೆಹಳ್ಳಿಯ ಲತಾಮಣಿಗೆ ನಲವತ್ತಾರು ವರ್ಷ; ಅದರಲ್ಲಿ ಅರ್ಧ ಆಯುಷ್ಯ ಚಿಪ್‌ಗಳ ಪರೀಕ್ಷೆಯಲ್ಲೇ ಸವೆದಿತ್ತು. ಡಿಪ್ಲೊಮಾ ಮುಗಿಸಿ, ಬಿಳಿ ಕೋಟು ತೊಟ್ಟು, ಟೆಸ್ಟರ್ ಯಂತ್ರದ ಬಾಯಿಗೆ ಚಿಪ್ ಉಣಿಸುವ ಕೆಲಸದಿಂದ ಶುರು ಮಾಡಿದವಳು, ಯಂತ್ರದ ಮಾತನ್ನು ತಾನೇ ಕಲಿತು, ಈಗ ಜೆ.ಪಿ. ನಗರದ ಒಂದು ಸಣ್ಣ ಕಂಪನಿಯಲ್ಲಿ ಎಲ್ಲರೂ "ಮೇಡಂ" ಅನ್ನುವಷ್ಟು ದೊಡ್ಡವಳಾಗಿದ್ದಳು. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಟ್ಟಲ್ಲೇ ಗೋಡೆಗೊರಗಿ ಕೂತುಬಿಡುವಳು.

"ಅಲ್ಲ ಕಣೇ, ಅದೇನು ಕೆಲ್ಸ ನಿಂದು, ಕಲ್ಲು ಹೊತ್ತೋಳಂಗೆ ಕೂತ್ಕೋತೀಯ?" ಎಂದು ತಾಯಿ ಮುನಿಯಕ್ಕ ಕೇಳುವಳು.

"ಚಿಪ್ ಚೆನ್ನಾಗಿದ್ಯೋ ಇಲ್ವೋ ನೋಡೋಕೆ ಪ್ರಶ್ನೆಪತ್ರಿಕೆ ಮಾಡ್ತೀನಮ್ಮ."

"ಸೌತೆಕಾಯಿ ಕಹಿನಾ ಅಂತ ತುದಿ ಕುಯ್ದು ನಾಲ್ಗೆಗಿಟ್ರೆ ಗೊತ್ತಾಯ್ತದೆ. ಅದಕ್ಕೆ ಇಷ್ಟು ವರ್ಷ ಬೇಕಾ?"

ನಿಜ ಹೇಳಬೇಕೆಂದರೆ ಪ್ರಶ್ನೆಪತ್ರಿಕೆ ಬರೆಯುವುದು ಲತಾಮಣಿಯಲ್ಲ, ರೂಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಮಾಡಿದ ಒಂದು ಅಪ್ಲಿಕೇಶನ್. ಅದು ಗಾಣದೆತ್ತಿನಂಥದು, ಹೂಡಿದ ಹಾಗೆ ಸುತ್ತುತ್ತದೆ, ಸರಿಯೇ ತಪ್ಪೇ ಎಂದು ಕೇಳುವುದಿಲ್ಲ. ಯಾವ ಚಿಪ್, ಯಾವ ಯಂತ್ರ, ಎಷ್ಟು ವೋಲ್ಟೇಜ್, ವೋಲ್ಟೇಜ್ ಕೊಟ್ಟ ಮೇಲೆ ಚಿಪ್ ಸುಧಾರಿಸಿಕೊಳ್ಳಲು ಎಷ್ಟು ಹೊತ್ತು ಕಾದು ಅಳೆಯಬೇಕು, ಎಲ್ಲವನ್ನೂ ಕಾನ್ಫಿಗ್ ಎಂಬ ಸೂಚನೆಗಳ ಫೈಲುಗಳಲ್ಲಿ ಮೊದಲೇ ಹೇಳಿಡಬೇಕು. ಹೇಳಿಡುವವಳು ಲತಾಮಣಿ.

ಆ ಆಫೀಸಿನಲ್ಲೊಂದು ರೂಢಿಯಿತ್ತು. ಹೊಸ ಚಿಪ್ ಬಂದರೆ ಯಾರೂ ಕಾನ್ಫಿಗ್ಗನ್ನು ಮೊದಲಿನಿಂದ ಬರೆಯುತ್ತಿರಲಿಲ್ಲ. ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತಂದು ಹಾಲಿಗೆ ಹೆಪ್ಪು ಹಾಕುವ ಹಾಗೆ, ಲತಾಮಣಿಯ ಹಳೆಯ ಫೋಲ್ಡರನ್ನು ಕಾಪಿ ಮಾಡಿ, ಹೆಸರು ಬದಲಿಸಿ ಶುರು ಮಾಡುವುದು. "ಮೇಡಂ, ಸ್ವಲ್ಪ ಹೆಪ್ಪು ಕೊಡಿ" ಎಂದೇ ಕೇಳುತ್ತಿದ್ದರು. ಇವಳು ಕೊಡುತ್ತಿದ್ದಳು.

ಈ ಸಲ ಕೇಳಿದವಳು ಸೌಮ್ಯ, ಕುಮಾರಸ್ವಾಮಿ ಲೇಔಟ್‌ನಿಂದ ಬರುವ, ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಹುಡುಗಿ. ಆ ಹೆಪ್ಪಿನಿಂದ ಅವಳು ಮಾಡಿದ ಪರೀಕ್ಷೆಯಲ್ಲಿ ಹತ್ತಕ್ಕೆ ಮೂರು ಚಿಪ್ ಫೇಲಾದವು. ಚಿಪ್ ಮಾಡಿದವರು ಅವನ್ನೇ ತಮ್ಮಲ್ಲಿ ಪರೀಕ್ಷಿಸಿ, ಚಿಪ್ ಸರಿಯಿದೆ, ನಿಮ್ಮ ಪರೀಕ್ಷೆ ಕೆಟ್ಟಿದೆ ಎಂದುಬಿಟ್ಟರು. ನಾಲ್ಕು ದಿನ ಹುಡುಕಿದರೂ ಸೌಮ್ಯಳಿಗೆ ತಪ್ಪು ಸಿಗಲಿಲ್ಲ. ಅವಳ ಕೆಲಸ ಖಾಯಂ ಮಾಡುವ ಕಾಗದಕ್ಕೆ ಮ್ಯಾನೇಜರ್ ಪ್ರಸನ್ನ ಶುಕ್ರವಾರ ಮಧ್ಯಾಹ್ನ ಸಹಿ ಹಾಕಬೇಕಿತ್ತು. ಹಾಕುವುದಿಲ್ಲ ಎಂಬ ಸುದ್ದಿ ಗುರುವಾರವೇ ಕ್ಯಾಂಟೀನ್ ಮುಟ್ಟಿತ್ತು.

ಶುಕ್ರವಾರ ಬೆಳಿಗ್ಗೆ ಪ್ರಸನ್ನ ಲತಾಮಣಿಯ ಟೇಬಲ್ಲಿಗೆ ಬಂದ. "ಮೇಡಂ, ಒಂದ್ಸಲ ನೀವೇ ನೋಡ್ಬಿಡಿ. ಆ ಹುಡ್ಗಿ ಕೈಲಾಗಲ್ಲ."

"ನಂಗೂ ಕಣ್ಣು ಉರೀತಿದೆ ಪ್ರಸನ್ನ."

"ನಿಮ್ಮ ಉರಿಯೋ ಕಣ್ಣಿಗೆ ಕಾಣೋದು ನಮ್ಮ ನೆಟ್ಟಗಿರೋ ಕಣ್ಣಿಗೆ ಕಾಣಲ್ಲ ಬಿಡಿ."

ಹೊಗಳಿಕೆ ಎಂದರೆ ಅಲ್ಲಿ ಇನ್ನೊಂದು ಮೂಟೆ ಹೊರಿಸುವ ವಿಧಾನ. ಲತಾಮಣಿ ಹೊತ್ತಳು.

ಒಂದೊಂದೇ ಸಾಲು ಓದುತ್ತಾ ಹೋದಳು. ಎರಡು ಸಲ ತಂದ ಟೀ ಎರಡು ಸಲವೂ ಆರಿತು. ಹನ್ನೆರಡರ ಹೊತ್ತಿಗೆ ಸಿಕ್ಕಿತು. ಚಿಪ್‌ನ ಫೈಲಿನಲ್ಲಲ್ಲ, ಫೋಲ್ಡರಿನ ಜೊತೆಗೇ ಕಾಪಿಯಾಗಿ ಬರುವ, ಎಲ್ಲ ಚಿಪ್‌ಗಳಿಗೂ ಅನ್ವಯಿಸುವ ಫೈಲಿನಲ್ಲಿ: ಕಾಯುವ ಹೊತ್ತು ಹತ್ತು ಮಿಲಿಸೆಕೆಂಡ್ ಇರಬೇಕಾದಲ್ಲಿ ಒಂದಿತ್ತು.

ಆ ಒಂದು ತನ್ನದೇ ಎಂದು ಅವಳಿಗೆ ಕಂಡೊಡನೆ ಗೊತ್ತಾಯಿತು. ಆರು ವರ್ಷದ ಹಿಂದೆ ಚುರುಕಾದ ಒಂದು ಚಿಪ್ ಬಂದಿತ್ತು, ಪರೀಕ್ಷೆ ಬೇಗ ಮುಗಿಸಿ ಎಂದು ಪ್ರಾಣ ತಿಂದಿದ್ದರು. ಇವಳೇ ಹತ್ತನ್ನು ಒಂದು ಮಾಡಿದ್ದಳು. ಆ ಚಿಪ್‌ಗೆ ಮಾತ್ರ ಸೇರಬೇಕಾದ ಸಾಲನ್ನು, ಬನಶಂಕರಿ ಬಸ್ಸಿನ ಅವಸರದಲ್ಲಿ, ಎಲ್ಲರ ಫೈಲಿಗೆ ಬರೆದು ಎದ್ದುಹೋಗಿದ್ದಳು. ನಾಳೆ ಸರಿ ಮಾಡೋಣ ಎಂದುಕೊಂಡಿದ್ದಳು. ಆ ನಾಳೆ ಬರಲೇ ಇಲ್ಲ. ಆಮೇಲೆ ಬಂದ ಚಿಪ್‌ಗಳು ಹೆಚ್ಚಾಗಿ ಚುರುಕಿನವಾದ್ದರಿಂದ ತಪ್ಪು ಬಯಲಾಗಿರಲಿಲ್ಲ; ಸೌಮ್ಯಳ ಚಿಪ್ ನಿಧಾನದ ಜಾತಿಯದು. ಅದು ಉಸಿರು ತೆಗೆದುಕೊಳ್ಳುವ ಮೊದಲೇ ಅಳೆದು ಫೇಲು ಅನ್ನುತ್ತಿತ್ತು ಯಂತ್ರ.

ಒಂದನ್ನು ಹತ್ತು ಮಾಡಿ, ಫೇಲಾದ ಮೂವತ್ತು ಚಿಪ್ ತರಿಸಿ ಮತ್ತೆ ಪರೀಕ್ಷೆಗಿಟ್ಟಳು. ಮೂವತ್ತೂ ಪಾಸಾದವು.

ಯಾವ ಸಾಲು ಯಾರದೆಂದು ಕಂಪ್ಯೂಟರಿನ ದಾಖಲೆ ತೆಗೆದಳು. ಫೋಲ್ಡರ್ ಕಾಪಿ ಮಾಡಿದವರ ಹೆಸರೇ ಅದರಲ್ಲಿ ಉದ್ದಕ್ಕೂ ಅಂಟಿಕೊಳ್ಳುತ್ತದೆ. ಮೇಲಿಂದ ಕೆಳತನಕ ಸೌಮ್ಯ, ಸೌಮ್ಯ, ಸೌಮ್ಯ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ತೆರೆದರೆ, ಅದೇ ಹೆಪ್ಪು ಬಿದ್ದ ಇನ್ನೂ ಏಳು ಪ್ರಾಜೆಕ್ಟುಗಳನ್ನು ಮೊದಲಿನಿಂದ ನೋಡಬೇಕು. ನೋಡುವವರಾರು? ಲತಾಮಣಿ ಎದ್ದಳು.

ಪ್ರಸನ್ನನ ರೂಮಿನಲ್ಲಿ ಸೌಮ್ಯ ಆಗಲೇ ಕೂತಿದ್ದಳು.

"ಸಿಕ್ತಾ ಮೇಡಂ?"

"ಸಿಕ್ತು. ಕಾಯೋ ಹೊತ್ತು ಕಮ್ಮಿ ಇತ್ತು."

"ನೋಡಿದ್ಯಾ ಸೌಮ್ಯ? ಇಷ್ಟು ಚಿಕ್ಕ ವಿಷ್ಯ..."

"ಅವಳ್ದಲ್ಲ ಪ್ರಸನ್ನ. ನಂದು. ಆರು ವರ್ಷದ್ದು."

"ರೆಕಾರ್ಡಲ್ಲಿ ಅವಳ ಹೆಸ್ರೇ ಇದ್ಯಲ್ಲ ಮೇಡಂ?"

"ಕಾಪಿ ಮಾಡ್ದೋರ ಹೆಸ್ರು ಬರತ್ತೆ. ಬರ್ದಿದ್ದು ನಾನು. ಇನ್ನೂ ಏಳು ಪ್ರಾಜೆಕ್ಟಿಗೆ ಇದೇ ಹೆಪ್ಪು ಬಿದ್ದಿದೆ."

ಪ್ರಸನ್ನ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ತೆಗೆದ. "ಹಂಗಾದ್ರೆ ಮಿಕ್ಕಿದ್ದು ಏಳೂ?"

"ನೋಡ್ಬೇಕು."

ಸೌಮ್ಯಳ ಕಾಗದಕ್ಕೆ ಸಹಿ ಬಿತ್ತು.

ಹೊರಗೆ ಬಂದ ಸೌಮ್ಯ ಥ್ಯಾಂಕ್ಸ್ ಅನ್ನಲಿಲ್ಲ. "ನಾಲ್ಕು ದಿನ ಊಟ ಸೇರ್ಲಿಲ್ಲ ಮೇಡಂ. ಮನೇಲಿ ಜ್ವರ ಅಂತ ಸುಳ್ಳು ಹೇಳಿದೀನಿ. ನಂಗೆ ನಿಮ್ಮೇಲೆ ಸಿಟ್ಟು ಬರ್ತಿದೆ."

"ಬರ್ಲಿ ಕಣಮ್ಮ. ಬರ್ಬೇಕಾದ್ದೇ."

ಲತಾಮಣಿ ತನ್ನ ಜಾಗಕ್ಕೆ ಬಂದು ಏಳರಲ್ಲಿ ಒಂದನ್ನು ತೆರೆದಳು. ಸಾಲುಸಾಲಿಗೂ ಶಿವರಾಜ್ ಎಂದಿತ್ತು. ಎರಡು ವರ್ಷದ ಹಿಂದೆ ಅವನ ಪರೀಕ್ಷೆಯಲ್ಲೂ ಹೀಗೇ ಚಿಪ್‌ಗಳು ಫೇಲಾಗುತ್ತಿದ್ದವು. ಕೆಲಸ ಬರುವುದಿಲ್ಲವೆಂದು ಅವನನ್ನು ಕಳಿಸಿದ್ದರು. ಬೀಳ್ಕೊಡುವಾಗ, ಇನ್ನೂ ಸ್ವಲ್ಪ ಗಮನ ಕೊಡಬೇಕಪ್ಪ, ಎಂದು ಬುದ್ಧಿ ಹೇಳಿದವಳೂ ಇವಳೇ. ಕಾಯುವ ಹೊತ್ತಿನ ಸಾಲಿಗೆ ಬಂದಳು. ಒಂದು.

ಫೋನಿನಲ್ಲಿ ಅವನ ನಂಬರ್ ಇನ್ನೂ ಇತ್ತು. ಎರಡನೇ ರಿಂಗಿಗೆ ಎತ್ತಿದ.

"ಶಿವರಾಜ್, ನಾನಪ್ಪ, ಲತಾಮಣಿ. ಫೋನ್ ಇಟ್ಬಿಡ್ಬೇಡ. ಒಂದು ಮಾತು ಹೇಳ್ಬೇಕು, ಕೇಳಿಸ್ಕೋ."